ನೀರೆತ್ತುವ ಹಳೆ ಗಾಳಿಯಂತ್ರ: ಗೇರ್, ಬೇರಿಂಗ್, ಪಂಪ್ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಪುಣೆಯ ಸುತ್ತ ಸಾಸವಡ, ಶಿರೂರು, ಮುಳಶಿ ಕಡೆ ಜಮೀನು ತಗೊಂಡ ನಮ್ಮ ಕನ್ನಡದವರಿಂದ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಹಳೆ ಬಾವಿಯ ಪಕ್ಕ ಕಬ್ಬಿಣದ ಗೋಪುರ, ಮೇಲೆ ತಗಡಿನ ರೆಕ್ಕೆಗಳ ಚಕ್ರ ಇತ್ತು. ಫಿಟ್ಟರ್ ಕರೆಸಿ ಬಿಚ್ಚಿಸಿದರು, ಬಣ್ಣ ಹೊಡೆಸಿದರು, ದಪ್ಪ ಎಣ್ಣೆ ತುಂಬಿ ಮೇಲೇರಿಸಿದರು. ಒಂದು ಮಳೆಗಾಲ ಚೆನ್ನಾಗಿ ತಿರುಗಿತು. ಆಮೇಲೆ ಗೇರಿನ ಹಲ್ಲು ಮುರಿಯಿತು, ಇಲ್ಲವೇ ಪಂಪಿನ ರಾಡ್ ಬಾಗಿತು.

ಫಿಟ್ಟರ್‌ಗೆ ಕೆಲಸ ಬರುವುದಿಲ್ಲ ಅಂತ ಅಲ್ಲ. ಹೆಚ್ಚಿನ ಕಡೆ ಹಾಳಾಗಿರುವುದು ಕ್ರಮ ತಪ್ಪಿದ್ದರಿಂದ. ಗುರುತು ಹಾಕದೆ ಬಿಚ್ಚುತ್ತಾರೆ, ಅಳೆಯದೆ ಹೊಸ ಗೇರ್ ಕಡಿಸುತ್ತಾರೆ, ನೆಲದ ಮೇಲೆ ತಿರುಗಿಸಿ ನೋಡದೆ ಗೋಪುರಕ್ಕೆ ಏರಿಸುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

1. ಮೊದಲು ನಿಮ್ಮ ಯಂತ್ರ ಯಾವ ಜಾತಿಯದು ನೋಡಿ

ಈ ಬರಹ ಗೇರ್ ಪೆಟ್ಟಿಗೆ ಇರುವ ಯಂತ್ರಗಳಿಗೆ. ಅಮೆರಿಕದ ಏರ್‌ಮೋಟರ್ ಕಂಪನಿಯ 702 ಮಾದರಿ ಮತ್ತು ಅದೇ ರೀತಿಯವು ಈ ಗುಂಪಿನವು. ಚಕ್ರ ಸುಮಾರು ಮೂರು ಸುತ್ತು ಸುತ್ತಿದರೆ ಪಂಪಿನ ರಾಡ್ ಒಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಕೆಳಗೆ ನಿಂತು ಎಣಿಸಿದರೆ ಗೊತ್ತಾಗುತ್ತದೆ.

ಒಂದು ಸುತ್ತಿಗೆ ಒಂದು ಸ್ಟ್ರೋಕ್ ಬಂದರೆ ನಿಮ್ಮದು ಗೇರ್ ಇಲ್ಲದ ಯಂತ್ರ. ನಮ್ಮ ದೇಶದಲ್ಲಿ ಸರ್ಕಾರಿ ಯೋಜನೆಯಡಿ ಹಂಚಿದ 12-ಪಿಯು-500 ಅಂಥದ್ದು: 12 ರೆಕ್ಕೆ, 5 ಮೀಟರ್ ವ್ಯಾಸ, ನೇರ ಕ್ರ್ಯಾಂಕ್. ಅದಕ್ಕೆ ಗೇರಿನ ಮಾತು ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

2. ಸರಿಯಾದ ತಿಂಗಳು, ಸರಿಯಾದ ಸಾಮಾನು

ಪುಣೆ ಕಡೆ ಮೇಯಿಂದ ಆಗಸ್ಟ್‌ವರೆಗೆ ಗಾಳಿಯ ಜೋರು. ಆಗ ಗೋಪುರಕ್ಕೆ ಕೈ ಹಚ್ಚಲೇಬೇಡಿ. ನವೆಂಬರ್‌ನಿಂದ ಜನವರಿವರೆಗೆ, ಬೆಳಿಗ್ಗೆ ಬೇಗ ಕೆಲಸ ಶುರುಮಾಡಿ, ಗಾಳಿ ಎದ್ದ ಕೂಡಲೇ ಇಳಿಯಿರಿ.

ಬೇಕಾದ್ದು: ಎರಡು ಹಗ್ಗದ ಪೂರ್ತಿ ಸೇಫ್ಟಿ ಹಾರ್ನೆಸ್, ಹೆಲ್ಮೆಟ್, ಚೈನ್ ಪುಲ್ಲಿ, ಗಟ್ಟಿ ನೈಲಾನ್ ಹಗ್ಗ, ಸೆಂಟರ್ ಪಂಚ್, ವರ್ನಿಯರ್, ಫೀಲರ್ ಗೇಜ್, ಥ್ರೆಡ್ ಗೇಜ್, ಬೇರಿಂಗ್ ಪುಲ್ಲರ್, ಸ್ಪಿರಿಟ್ ಲೆವೆಲ್, ಮಾರ್ಕಿಂಗ್ ಬ್ಲೂ, ಬಿರುಕು ಹುಡುಕುವ ಡೈ ಪೆನಿಟ್ರಂಟ್ ಸ್ಪ್ರೇ. ದಾರಿ ಇದ್ದರೆ ಒಂದು ಹೈಡ್ರಾ ಕ್ರೇನ್ ಬಾಡಿಗೆಗೆ ತರಿಸಿ. ಇಳಿಸುವ ದಿನ ಒಮ್ಮೆ, ಏರಿಸುವ ದಿನ ಒಮ್ಮೆ. ಆ ದುಡ್ಡಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಥ್ರೆಡ್ ಗೇಜ್ ಯಾಕೆ ಅಂದರೆ, ಈ ಯಂತ್ರಗಳ ಬೋಲ್ಟು ಮೆಟ್ರಿಕ್ ಅಲ್ಲ. ಅಮೆರಿಕದ್ದಾದರೆ ಯುಎನ್‌ಸಿ, ಇಂಗ್ಲೆಂಡ್ ಅಥವಾ ಆಸ್ಟ್ರೇಲಿಯಾದ ಹಳೆಯದಾದರೆ ವಿಟ್‌ವರ್ತ್. ಎರಡೂ ಇಂಚಿನ ಲೆಕ್ಕದ ಥ್ರೆಡ್ ಜಾತಿಗಳು. ಅರ್ಧ ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 12 ಥ್ರೆಡ್, ಯುಎನ್‌ಸಿಗೆ 13. ಮೊದಲ ಎರಡು ಸುತ್ತು ನಟ್ ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿ ಪಾನಾ ಹಾಕಿ ಎಳೆದರೆ ಬೀಡು ಕಬ್ಬಿಣದೊಳಗಿನ ಥ್ರೆಡ್ ಹೋಯ್ತು ಅಂತಲೇ ಲೆಕ್ಕ. ಪುಣೆ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಯ ಅಂಗಡಿಗಳಲ್ಲಿ ಸಿಗದ ಅಳತೆಗೆ ಮುಂಬೈಯ ನಾಗದೇವಿ ಸ್ಟ್ರೀಟ್‌ನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ.

3. ಚಕ್ರವನ್ನು ಕಟ್ಟಿಹಾಕಿ

ಗೋಪುರದ ಬುಡದಲ್ಲಿರುವ ಹಿಡಿಕೆ ಎಳೆದರೆ ತಂತಿ ಬಾಲವನ್ನು (ಚಕ್ರವನ್ನು ಗಾಳಿಯ ಕಡೆ ತಿರುಗಿಸುವ ಹಿಂದಿನ ತಗಡು) ಚಕ್ರದ ಪಕ್ಕಕ್ಕೆ ತರುತ್ತದೆ. ಚಕ್ರ ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತದೆ, ಬ್ರೇಕ್ ಪಟ್ಟಿ ಬಿಗಿಯುತ್ತದೆ. ಇಷ್ಟಕ್ಕೇ ಸುರಕ್ಷಿತ ಅಂದುಕೊಳ್ಳಬೇಡಿ. ಹಳೆ ಬ್ರೇಕ್ ಹಿಡಿಯುವುದಿಲ್ಲ. ಮೇಲೆ ಹೋದ ತಕ್ಷಣ ಚಕ್ರದ ತೋಳನ್ನು ಎರಡು ಕಡೆ ಗೋಪುರಕ್ಕೆ ಹಗ್ಗದಿಂದ ಕಟ್ಟಿ.

ಇಲ್ಲಿ ಒಂದು ದೊಡ್ಡ ಅಪಾಯ ಇದೆ. ಬಾಲದ ಸ್ಪ್ರಿಂಗ್ ಯಾವಾಗಲೂ ಚಕ್ರವನ್ನು ಗಾಳಿಗೆ ತೆರೆದಿಡಲು ಎಳೆಯುತ್ತಿರುತ್ತದೆ. ಯಂತ್ರ ನಿಲ್ಲಿಸಿದಾಗಲೇ ಅದು ಪೂರ್ತಿ ಬಿಗಿದಿರುತ್ತದೆ. ತುಕ್ಕು ಹಿಡಿದ ತಂತಿ ಆಗ ಕಡಿದರೆ ಬಾಲ ಸಿಡಿದು ತೆರೆಯುತ್ತದೆ, ಚಕ್ರ ತಿರುಗಲು ಶುರುವಾಗುತ್ತದೆ, ನೀವು ಅದರ ಪಕ್ಕದಲ್ಲೇ ಇರುತ್ತೀರಿ. ಆದ್ದರಿಂದ ಮೇಲೆ ಹತ್ತಿದ ಮೇಲೆ ಬಾಲವನ್ನೂ ಬೇರೆ ಹಗ್ಗದಿಂದ ಕಟ್ಟಿ, ಆಮೇಲೆ ಮಾತ್ರ ತಂತಿ ಮುಟ್ಟಿ. ತಂತಿಯ ಎಳೆ ಬಿಟ್ಟಿರುವುದು ಕೆಳಗಿನಿಂದಲೇ ಕಂಡರೆ ಹತ್ತಲೇಬೇಡಿ, ಕ್ರೇನ್ ಬರಲಿ.

ಗೋಪುರದ ಕಾಲು, ಏಣಿಯ ಮೆಟ್ಟಿಲು, ಬುಡದ ಕಾಂಕ್ರೀಟಿನ ಜೊತೆ ಸೇರುವ ಜಾಗ ಇವನ್ನೂ ಹತ್ತುವ ಮೊದಲೇ ಸುತ್ತಿಗೆಯಿಂದ ತಟ್ಟಿ ನೋಡಿ. ತುಕ್ಕು ತಿನ್ನುವುದು ಹೆಚ್ಚಾಗಿ ಮಣ್ಣಿನ ಮಟ್ಟದಲ್ಲೇ.

4. ಬಿಚ್ಚುವ ಮೊದಲು ಗುರುತು

ಗೇರ್ ಪೆಟ್ಟಿಗೆಯ ಮೇಲಿನ ತಗಡಿನ ಟೋಪಿ ತೆಗೆದರೆ ಒಳಗೆ ಎರಡು ಪಿನಿಯನ್ (ಚಿಕ್ಕ ಗೇರ್), ಎರಡು ದೊಡ್ಡ ಗೇರ್, ಎರಡು ಕನೆಕ್ಟಿಂಗ್ ರಾಡ್ ಕಾಣುತ್ತವೆ. ಎರಡೂ ಕನೆಕ್ಟಿಂಗ್ ರಾಡ್ ಮೇಲ್ಗಡೆ ಒಂದೇ ಕ್ರಾಸ್‌ಹೆಡ್‌ಗೆ (ಪಂಪಿನ ರಾಡನ್ನು ಏರಿಸಿ ಇಳಿಸುವ ಅಡ್ಡ ತುಂಡು) ಸೇರುತ್ತವೆ. ಈ ಜೋಡಿಯೇ ಯಂತ್ರದ ಜೀವ. ಎಡಬಲದ ದೊಡ್ಡ ಗೇರುಗಳು ಕೂದಲೆಳೆಯಷ್ಟೂ ಹಿಂದುಮುಂದಾಗದೆ ಒಟ್ಟಿಗೆ ಏರಿ ಇಳಿಯಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೆ ಕ್ರಾಸ್‌ಹೆಡ್ ಓರೆಯಾಗುತ್ತದೆ, ಎಲ್ಲಾ ಭಾರ ಒಂದೇ ಗೇರಿನ ಮೇಲೆ ಬೀಳುತ್ತದೆ, ಕೆಲವೇ ವಾರಗಳಲ್ಲಿ ಹಲ್ಲು ಉದುರುತ್ತದೆ. ನಾನು ನೋಡಿದ ಕೆಟ್ಟ ಯಂತ್ರಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಇಲ್ಲೇ.

ಆದ್ದರಿಂದ ಕ್ರಾಸ್‌ಹೆಡ್ ಪೂರ್ತಿ ಕೆಳಗೆ ಬರುವಂತೆ ಚಕ್ರವನ್ನು ಕೈಯಿಂದ ತಿರುಗಿಸಿ ನಿಲ್ಲಿಸಿ. ಪಿನಿಯನ್‌ನ ಯಾವ ಹಲ್ಲು ದೊಡ್ಡ ಗೇರಿನ ಯಾವ ಸಂದಿಯಲ್ಲಿದೆಯೋ ಅಲ್ಲಿ ಸೆಂಟರ್ ಪಂಚ್‌ನಿಂದ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಹಾಕಿ. ಬಣ್ಣದ ಗುರುತು ಡೀಸೆಲ್‌ನಲ್ಲಿ ತೊಳೆದಾಗ ಹೋಗಿಬಿಡುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಎಣ್ಣೆ ಜಿಡ್ಡಿನ ಕಪ್ಪು ಹಲ್ಲುಗಳ ಫೋಟೋದಲ್ಲಿ ಏನೂ ತಿಳಿಯುವುದಿಲ್ಲ.

ಶಿಮ್‌ಗಳು (ಸಂದಿಗೆ ಇಡುವ ತೆಳು ತಗಡಿನ ಚೂರುಗಳು) ಯಾವ ಪಕ್ಕದಿಂದ ಎಷ್ಟು ಬಂದವು ಅನ್ನುವುದನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ.

5. ಇಳಿಸುವ ಕ್ರಮ

ಮೊದಲು ಪಂಪಿನ ರಾಡ್ ಕಳಚಿ. ಆಮೇಲೆ ರೆಕ್ಕೆ. 8 ಅಡಿಯ ಏರ್‌ಮೋಟರ್‌ನಲ್ಲಿ 18 ರೆಕ್ಕೆ, ಮೂರು ಮೂರರಂತೆ ಆರು ತುಂಡು. ಒಂದು ತುಂಡು ತೆಗೆದರೆ ಮುಂದಿನದು ಅದರ ಎದುರಿನದೇ ಆಗಬೇಕು. ಪಕ್ಕಪಕ್ಕದ್ದನ್ನೇ ತೆಗೆಯುತ್ತಾ ಹೋದರೆ ಭಾರದ ಕಡೆ ಚಕ್ರ ಧಡಕ್ಕನೆ ಕೆಳಗೆ ಬೀಳುತ್ತದೆ. ಹಗ್ಗ ಕಟ್ಟಿದ್ದರೂ ಹಗ್ಗದ ಮೇಲೆ ಅಷ್ಟು ಭಾರ ಬೇಡ.

ನಂತರ ಬಾಲ, ಕೊನೆಗೆ ಗೇರ್ ಪೆಟ್ಟಿಗೆ. ಪೆಟ್ಟಿಗೆಯ ಹಳೆ ಎಣ್ಣೆಯನ್ನು ಅಲ್ಲೇ ಬಸಿದು ಬಾಟಲಿಯಲ್ಲಿ ಇಟ್ಟುಕೊಳ್ಳಿ, ಚೆಲ್ಲಬೇಡಿ. ತಳದಲ್ಲಿ ನೀರು ನಿಂತಿದ್ದರೆ ಟೋಪಿ ಸೋರಿದೆ ಅಂತ. ಬೆಳ್ಳಿ ಬಣ್ಣದ ಚೂರು ಮ್ಯಾಗ್ನೆಟ್‌ಗೆ ಅಂಟದಿದ್ದರೆ ಬೇರಿಂಗಿನ ವೈಟ್ ಮೆಟಲ್ (ಒಳಗೆ ಹೊಯ್ದ ಮೆತ್ತನೆಯ ಬಿಳಿ ಮಿಶ್ರಲೋಹ) ಸವೆದಿದೆ, ಅಂಟಿದರೆ ಗೇರು ಸವೆಯುತ್ತಿದೆ.

6. ಬಿಗಿದ ಬೋಲ್ಟು, ತುಕ್ಕು

ಅವಸರ ಮಾಡಬೇಡಿ. ಡಬ್ಲ್ಯೂಡಿ-40 ಅಥವಾ ಡೀಸೆಲ್ ಹಾಕಿ ರಾತ್ರಿಯಿಡೀ ಬಿಡಿ. ಮತ್ತೆ ಹಾಕಿ, ಮತ್ತೆ ಬಿಡಿ. ಬೋಲ್ಟಿನ ತಲೆಯ ಮೇಲೆ ನೇರವಾಗಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಬಿಚ್ಚುವ ಮೊದಲು ಸ್ವಲ್ಪ ಬಿಗಿಯುವ ಕಡೆ ಅಲ್ಲಾಡಿಸಿ ನೋಡಿ.

ಗೇರ್ ಪೆಟ್ಟಿಗೆ, ಹಬ್ (ಚಕ್ರದ ನಡುಭಾಗ) ಎರಡೂ ಬೀಡು. ಒಂದೇ ಜಾಗದಲ್ಲಿ ಗ್ಯಾಸ್ ಬತ್ತಿ ಹಿಡಿದರೆ ಬಿರುಕು ಬಿಡುತ್ತದೆ, ದೊಡ್ಡ ಸುತ್ತಿಗೆ ಹಾಕಿ ಹೊಡೆದರೆ ಒಡೆಯುತ್ತದೆ. ಬೋಲ್ಟು ಬರಲಿಲ್ಲವಾ, ತಲೆ ಕತ್ತರಿಸಿ ಡ್ರಿಲ್ ಹಾಕಿ ತೆಗೆಯಿರಿ. ಬೋಲ್ಟ್ ಹೊಸದು ಸಿಗುತ್ತದೆ, ಪೆಟ್ಟಿಗೆ ಸಿಗುವುದಿಲ್ಲ.

ಸತುವಿನ ಲೇಪ ಇರುವ ತುಂಡುಗಳನ್ನು ಮುಚ್ಚಿದ ಶೆಡ್ಡಿನಲ್ಲಿ ವೆಲ್ಡ್ ಮಾಡಿಸಬೇಡಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಹಿಡಿಯುತ್ತದೆ. ವೆಲ್ಡ್ ಮಾಡುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು. ರೆಕ್ಕೆಗಳಿಗೆ ಪೇಂಟ್‌ಗಿಂತ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದಿಸುವುದು) ಒಳ್ಳೆಯದು. ಗೋವಾ, ಅಲಿಬಾಗ್ ಕಡೆಯ ಉಪ್ಪು ಗಾಳಿಗಂತೂ ಅದೇ ಗತಿ. ಆದರೆ ಸ್ಪ್ರಿಂಗನ್ನು ಅದರ ಜೊತೆ ಕಳಿಸಬೇಡಿ. ಲೇಪಕ್ಕೆ ಮೊದಲು ಆಸಿಡ್‌ನಲ್ಲಿ ಅದ್ದುತ್ತಾರೆ, ಅದರಿಂದ ಸ್ಪ್ರಿಂಗ್ ಪೆಡಸಾಗಿ ಒಂದು ದಿನ ತಾನಾಗಿ ತುಂಡಾಗುತ್ತದೆ.

7. ಬಿರುಕು ಮತ್ತು ಗೇರ್ ಪರೀಕ್ಷೆ

ತೊಳೆದ ಪ್ರತಿ ಬೀಡಿನ ತುಂಡನ್ನು ಹಗ್ಗದಲ್ಲಿ ತೂಗುಹಾಕಿ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಗಂಟೆಯಂತೆ ನಾದ ಬರುತ್ತದೆ, ಬಿರುಕಿದ್ದರೆ ಬೊದ್ದು ಸದ್ದು. ಅನುಮಾನ ಇದ್ದ ಜಾಗಕ್ಕೆ ಕೆಂಪು ಡೈ ಹಾಕಿ, ಕಾಲು ಗಂಟೆ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಹಬ್‌ನ ಕೀ ಕೂರುವ ತೋಡಿನ ಮೂಲೆ, ತೋಳು ಸೇರುವ ಬುಡ, ಇವೆರಡನ್ನು ತಪ್ಪಿಸಬೇಡಿ. ಹಬ್‌ನಲ್ಲಿ ಬಿರುಕಿದ್ದರೆ ವೆಲ್ಡ್ ಮಾಡಿ ಮೇಲೇರಿಸಬೇಡಿ, ಹೊಸದಾಗಿ ಎರಕ ಹೊಯ್ಯಿಸಿ. ಬೆಳಗಾವಿಯ ಉದ್ಯಮಬಾಗ್, ಕೊಲ್ಲಾಪುರದ ಫೌಂಡ್ರಿಗಳಲ್ಲಿ ಹಳೆ ತುಂಡನ್ನೇ ನೋಡಿ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿಕೊಡುವವರು ಸಿಗುತ್ತಾರೆ. ಬೀಡು ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ದೊಡ್ಡ ಗೇರನ್ನು ಒಂದೇ ಕಡೆ ನೋಡಿ ಚೆನ್ನಾಗಿದೆ ಅನ್ನಬೇಡಿ. ಅದು ಒಂದು ಸುತ್ತು ಸುತ್ತಿದರೆ ಒಂದು ಸ್ಟ್ರೋಕ್. ನೀರಿನ ಭಾರ ಬೀಳುವುದು ರಾಡ್ ಮೇಲೇಳುವಾಗ ಮಾತ್ರ. ಹಾಗಾಗಿ ಪ್ರತಿ ಸಲವೂ ಅದೇ ಅರ್ಧ ಭಾಗದ ಹಲ್ಲುಗಳು ಭಾರ ಹೊರುತ್ತವೆ, ಉಳಿದರ್ಧ ಹೊಸದರಂತೆ ಇರುತ್ತದೆ. ಸುತ್ತಲೂ ಅಳೆಯಿರಿ, ಅತಿ ಸವೆದ ಹಲ್ಲಿನ ಲೆಕ್ಕ ಹಿಡಿಯಿರಿ. ಹಲ್ಲಿನ ತುದಿ ಚೂಪಾಗಿದ್ದರೆ ಆ ಗೇರ್ ಮುಗಿಯಿತು.

ಬದಲಿಸುವುದಾದರೆ ಎಡಬಲ ಎರಡನ್ನೂ, ಪಿನಿಯನ್ ಸಮೇತ ಬದಲಿಸಿ. ಒಂದನ್ನೇ ಹೊಸದು ಹಾಕಿದರೆ ಹೊಸದು ಹಳೆಯದರ ಭಾರವನ್ನೂ ಹೊರುತ್ತದೆ.

ಭೋಸರಿಯಲ್ಲಿ ಗೇರ್ ಕಡಿಯುವ ವರ್ಕ್‌ಶಾಪು ಬೇಕಾದಷ್ಟಿವೆ. ಆದರೆ ಅವರ ಕಟರ್‌ಗಳು ಹೆಚ್ಚಾಗಿ ಮಾಡ್ಯೂಲ್ (ಹಲ್ಲಿನ ಮಿಲಿಮೀಟರ್ ಅಳತೆ) ಲೆಕ್ಕದವು. ಹಳೆ ಅಮೆರಿಕನ್, ಇಂಗ್ಲಿಷ್ ಗೇರುಗಳು ಡಿಪಿ (ಡಯಾಮೀಟ್ರಲ್ ಪಿಚ್, ಹಲ್ಲಿನ ಇಂಚಿನ ಅಳತೆ) ಲೆಕ್ಕದವು. ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ, ಇಂಚಿನ ಹೊರವ್ಯಾಸದಿಂದ ಭಾಗಿಸಿದರೆ ಡಿಪಿ ಸಿಗುತ್ತದೆ. 22 ಹಲ್ಲು, ಹೊರವ್ಯಾಸ 4 ಇಂಚು ಇದ್ದರೆ 24ನ್ನು 4ರಿಂದ ಭಾಗಿಸಿ, ಅಂದರೆ 6 ಡಿಪಿ. ಅದನ್ನು ಮಾಡ್ಯೂಲ್‌ಗೆ ತಂದರೆ 4.23 ಆಗುತ್ತದೆ. "ನಾಲ್ಕರ ಕಟರ್ ಇದೆ, ನಡೆಯುತ್ತೆ" ಅಂದರೆ ಒಪ್ಪಬೇಡಿ, ಹಲ್ಲು ಕೂರುವುದಿಲ್ಲ. ಹಲ್ಲಿನ ಒತ್ತುಕೋನವನ್ನೂ (ಪ್ರೆಶರ್ ಆ್ಯಂಗಲ್, ಹಲ್ಲು ಹಲ್ಲನ್ನು ತಳ್ಳುವ ಓರೆ) ಕೇಳಿ. ಹಳೆಯವು ಸಾಮಾನ್ಯವಾಗಿ 14.5 ಡಿಗ್ರಿ, ಈಗಿನವು 20. ಹಳೆಯದರ ಎದುರು ಹೊಸ ಕೋನದ ಗೇರ್ ಕೂರಿಸಿದರೆ ಕಿರುಚುತ್ತದೆ, ಬೇಗ ತಿನ್ನುತ್ತದೆ.

8. ವೈಟ್ ಮೆಟಲ್ ಹೊಯ್ಯುವುದು

ಮುಖ್ಯ ಶಾಫ್ಟ್ ಕೂತ ಜಾಗದಲ್ಲಿ ಬಾಲ್ ಬೇರಿಂಗ್ ಇಲ್ಲ. ವೈಟ್ ಮೆಟಲ್ ಹೊಯ್ದ ಬೇರಿಂಗ್ ಇರುತ್ತದೆ. ಶಾಫ್ಟನ್ನು ಕೈಯಿಂದ ಎತ್ತಿ ಇಳಿಸಿದಾಗ ಟಕ್ ಟಕ್ ಅಂದರೆ ಮತ್ತೆ ಹೊಯ್ಯಬೇಕು. ಇದನ್ನು ಮೊದಲ ಸಲ ಒಬ್ಬರೇ ಮಾಡಬೇಡಿ. ಹಳೆ ರೈಸ್ ಮಿಲ್, ಆಯಿಲ್ ಎಂಜಿನ್ ಕೆಲಸ ಮಾಡಿದ ಹಿರಿಯ ಫಿಟ್ಟರ್ ಒಬ್ಬರನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಹಳೆ ಲೋಹ ಪೂರ್ತಿ ಕರಗಿಸಿ ತೆಗೆಯಿರಿ. ಅದರಲ್ಲಿ ಸೀಸ ಇರಬಹುದು. ಬಯಲಲ್ಲೇ ಮಾಡಿ, ಮಾಸ್ಕ್ ಹಾಕಿ, ಅಡುಗೆ ಪಾತ್ರೆ ಬಳಸಬೇಡಿ. ಬೀಡಿನ ಒಳಮೈ, ಅದರ ತೂತುಗಳು ಎಣ್ಣೆ ಜಿಡ್ಡಿಲ್ಲದೆ ಹೊಳೆಯಬೇಕು. ಆ ತೂತುಗಳೇ ಹೊಸ ಲೋಹವನ್ನು ಹಿಡಿದುಕೊಳ್ಳುವುದು.

ಶಾಫ್ಟಿನ ಅಳತೆಯ ಒಂದು ಸಾದಾ ಸರಳು ಲೇತಿನಲ್ಲಿ ಮಾಡಿಸಿ. ಅದರ ಮೈಗೆ ಮೇಣದಬತ್ತಿಯ ಮಸಿ ಹಿಡಿಸಿ. ಮಸಿ ಇದ್ದರೆ ಲೋಹ ಅಂಟುವುದಿಲ್ಲ. ಸರಳನ್ನು ನಡುವೆ ಸರಿಯಾಗಿ ನಿಲ್ಲಿಸಿ, ಎರಡು ತುದಿ ಮುಚ್ಚಿ, ಪೆಟ್ಟಿಗೆ ಮತ್ತು ಸರಳು ಎರಡನ್ನೂ ನೀರು ಬಿದ್ದರೆ ಚುರ್ ಅನ್ನುವಷ್ಟು ಬಿಸಿಮಾಡಿ. ನೀರಿನ ಪರೀಕ್ಷೆಯನ್ನು ಲೋಹ ಕರಗಿಸುವ ಮೊದಲೇ, ದೂರದಲ್ಲಿ ಮಾಡಿ ಮುಗಿಸಿ. ಕರಗಿದ ಲೋಹದ ಹತ್ತಿರ ಒಂದು ಹನಿ ಬೆವರೂ ಬೀಳಬಾರದು. ಹಬೆ ಸಿಡಿದು ಲೋಹ ಮುಖಕ್ಕೆ ಹಾರುತ್ತದೆ. ಮುಖಕ್ಕೆ ಶೀಲ್ಡ್, ಕೈಗೆ ಚರ್ಮದ ಗ್ಲೌಸ್, ಕಾಲಿಗೆ ಬೂಟು, ಬೂಟಿನ ಮೇಲೆ ಪ್ಯಾಂಟು.

ಹದ ನೋಡಲು ಒಣಗಿದ ತೆಳು ಮರದ ಕಡ್ಡಿ ಅದ್ದಿ. ಕಡ್ಡಿ ಕಂದಾಗಿ ಹೊಗೆಯಾಡಬೇಕು. ಬಣ್ಣ ತಿರುಗದಿದ್ದರೆ ತಣ್ಣಗಿದೆ. ಹೊತ್ತಿ ಉರಿದರೆ ಬಿಸಿ ಜಾಸ್ತಿ, ಇಳಿಸಿ ಕಾಯಿರಿ. ಮೇಲಿನ ಕೆನೆ ಸರಿಸಿ, ಒಂದೇ ಧಾರೆಯಲ್ಲಿ, ನಿಲ್ಲಿಸದೆ ಹೊಯ್ಯಿರಿ. ನಡುವೆ ಕೈ ತಡೆದರೆ ಪದರ ಬೀಳುತ್ತದೆ, ಆ ಪದರದಲ್ಲೇ ಬೇರಿಂಗ್ ಬಿಡುತ್ತದೆ. ಹಾಗಾದರೆ ಕರುಣೆ ಇಲ್ಲದೆ ತೆಗೆದು ಮತ್ತೆ ಹೊಯ್ಯಿರಿ.

ತಣಿದ ಮೇಲೆ ನಿಜವಾದ ಶಾಫ್ಟಿಗೆ ತೆಳುವಾಗಿ ಮಾರ್ಕಿಂಗ್ ಬ್ಲೂ ಹಚ್ಚಿ, ಕೂರಿಸಿ ತಿರುಗಿಸಿ. ನೀಲಿ ಹತ್ತಿದ ಜಾಗ ಎತ್ತರ. ಸ್ಕ್ರೇಪರ್‌ನಿಂದ ಅಲ್ಲಷ್ಟೇ ಕೆರೆಯಿರಿ. ನೀಲಿ ಎಲ್ಲ ಕಡೆ ಚುಕ್ಕಿ ಚುಕ್ಕಿಯಾಗಿ ಹರಡುವವರೆಗೆ ಇದೇ ಕೆಲಸ. ಸಂದು ಶಾಫ್ಟಿನ ವ್ಯಾಸದ ಸಾವಿರದಲ್ಲಿ ಒಂದರಿಂದ ಎರಡು ಭಾಗ ಸಾಕು. 40 ಮಿ.ಮೀ. ಶಾಫ್ಟಿಗೆ 0.04ರಿಂದ 0.08 ಮಿ.ಮೀ. ಎಣ್ಣೆ ಹರಿಯುವ ತೋಡು ಹಳೆಯದು ಎಲ್ಲಿತ್ತೋ ಅಲ್ಲೇ ಕಡಿಯಿರಿ. ಇದನ್ನು ಮರೆತ ಬೇರಿಂಗ್ ಬಿಸಿಯಾಗಿ ಕರಗುತ್ತದೆ.

9. ನೆಲದ ಮೇಲೆ ಜೋಡಣೆ, ಎಣ್ಣೆ

ಪೆಟ್ಟಿಗೆಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚುಕ್ಕೆಗೆ ಚುಕ್ಕೆ ಸೇರಿಸಿ ಗೇರ್ ಕೂರಿಸಿ. ಕ್ರಾಸ್‌ಹೆಡ್ ಮೇಲೆ ಸಣ್ಣ ಲೆವೆಲ್ ಇಟ್ಟು ಹಬ್ಬನ್ನು ಕೈಯಿಂದ ನಿಧಾನ ತಿರುಗಿಸಿ. ಪೂರ್ತಿ ಸ್ಟ್ರೋಕ್‌ನಲ್ಲಿ ಗುಳ್ಳೆ ಅಲುಗಬಾರದು. ಅಲುಗಿದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ. ಎಲ್ಲೋ ಒಂದು ಕಡೆ ಬಿಗಿ ಬಂದು ಮತ್ತೆ ಸಡಿಲಾದರೆ ಶಾಫ್ಟ್ ಬಾಗಿದೆ, ಇಲ್ಲವೇ ಹಲ್ಲಿನ ನಡುವೆ ಏನೋ ಸಿಕ್ಕಿದೆ.

ಎಣ್ಣೆಯ ವಿಷಯಕ್ಕೆ ಬರೋಣ. ಗೇರ್ ಅಂದ ಕೂಡಲೇ 90 ಅಥವಾ 140 ನಂಬರಿನ ಗೇರ್ ಆಯಿಲ್ ಹಾಕುತ್ತಾರೆ. ಈ ಯಂತ್ರಕ್ಕೆ ಅದು ವಿಷ. ದೊಡ್ಡ ಗೇರುಗಳು ತಳದ ಎಣ್ಣೆಯನ್ನು ಮೇಲೆ ಎತ್ತಬೇಕು, ಅದು ಹರಿದು ಶಾಫ್ಟಿನ ಬೇರಿಂಗ್ ತಲುಪಿ ಮತ್ತೆ ತಳಕ್ಕೆ ಬರಬೇಕು. ದಪ್ಪ ಎಣ್ಣೆ ಗೇರಿಗೇ ಅಂಟಿಕೊಂಡು ನಿಲ್ಲುತ್ತದೆ, ಬೇರಿಂಗ್ ಒಣಗಿರುತ್ತದೆ. ತೆಳು ಎಣ್ಣೆ ಬೇಕು: ಡಿಟರ್ಜೆಂಟ್ ಇಲ್ಲದ ಎಸ್‌ಎಇ 10, ಅಥವಾ ಅದಕ್ಕೆ ಹತ್ತಿರದ ಐಎಸ್‌ಒ 32 ಟರ್ಬೈನ್ ಎಣ್ಣೆ. ಬೈಕು, ಕಾರಿನ ಎಂಜಿನ್ ಆಯಿಲ್ ಬೇಡ. ಅದರ ಡಿಟರ್ಜೆಂಟ್ ನೀರು, ಕೊಳೆಯನ್ನು ತಳಕ್ಕೆ ಇಳಿಯಲು ಬಿಡದೆ ಎಣ್ಣೆಯಲ್ಲೇ ತೇಲಿಸುತ್ತದೆ. ದೊಡ್ಡ ಗೇರಿನ ಕೆಳಗಿನ ಹಲ್ಲುಗಳು ಮುಳುಗುವಷ್ಟು ಹಾಕಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸಿ.

10. ಗೋಪುರದ ತಲೆ

ಗೇರ್ ಪೆಟ್ಟಿಗೆ ಗೋಪುರದ ಪೈಪಿನ ಮೇಲೆ ತಿರುಗುತ್ತದೆ. ಪೈಪಿನ ತಲೆಯ ಮೇಲೆ ಎರಡು ದಿಕ್ಕಿನಲ್ಲಿ ಲೆವೆಲ್ ನೋಡಿ. ಓರೆ ಇದ್ದರೆ ಬಾಲ ಯಾವಾಗಲೂ ತಗ್ಗಿನ ಕಡೆಗೇ ಎಳೆಯುತ್ತದೆ, ಸಣ್ಣ ಗಾಳಿಗೆ ಚಕ್ರ ಮುಖ ತಿರುಗಿಸುವುದೇ ಇಲ್ಲ. ಜನ ಆಗ ಗೇರನ್ನು ಬೈಯುತ್ತಾರೆ. ತಿರುಗುವ ಜಾಗಕ್ಕೆ ಮಾತ್ರ ಗ್ರೀಸ್. ಬ್ರೇಕ್ ಪಟ್ಟಿಗೆ ಒಂದು ಹನಿಯೂ ತಾಗಬಾರದು. ನಿಲ್ಲಿಸುವ ತಂತಿ ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಹೊಸದು ಹಾಕಿ.

11. ಪಂಪ್ ಮತ್ತು ರಾಡ್

ಹಳೆ ಬಾವಿಗೆ ಇಳಿಯಬೇಡಿ, ಒಳಗೆ ಉಸಿರಾಟಕ್ಕೆ ಗಾಳಿ ಇಲ್ಲದಿರಬಹುದು. ಪೈಪ್ ಸಮೇತ ಸಿಲಿಂಡರ್ ಮೇಲಕ್ಕೆಳೆಯಿರಿ. ಹಿತ್ತಾಳೆಯ ಸಿಲಿಂಡರಿನೊಳಗೆ ಉಗುರು ಸಿಕ್ಕುವಷ್ಟು ಗೀರುಗಳಿದ್ದರೆ ಹೋನ್ ಮಾಡಿಸಬೇಕು, ಅಂದರೆ ಒಳಮೈ ಉಜ್ಜಿಸಿ ನುಣುಪು ಮಾಡಿಸಬೇಕು. ಚರ್ಮದ ವಾಷರ್ ಒಣಗಿದ್ದನ್ನೇ ತುರುಕಬೇಡಿ, ಹರಿಯುತ್ತದೆ. ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ ಮೆತ್ತಗಾದ ಮೇಲೆ ಹಾಕಿ. ಒಳವ್ಯಾಸ 63.5 ಮಿ.ಮೀ. ಇದ್ದರೆ ಇಂಡಿಯಾ ಮಾರ್ಕ್ 2 ಕೈಪಂಪಿನ ನೈಟ್ರೈಲ್ ವಾಷರ್ ಹೊಂದುತ್ತದಾ ಅಂತ ಅಳೆದು ನೋಡಿ, ಅದು ಸುಲಭವಾಗಿ ಸಿಗುತ್ತದೆ.

ಗೋಪುರದೊಳಗಿನ ರಾಡ್ ಮರದ್ದಿದ್ದರೆ ಮರದ್ದೇ ಹಾಕಿ. "ಕಬ್ಬಿಣದ ಪೈಪ್ ಹಾಕಿದರೆ ಮುರಿಯಲ್ಲ" ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಮುರಿಯಲಿ ಅಂತಲೇ ಅದನ್ನು ಮರದಲ್ಲಿ ಮಾಡಿರುವುದು. ಪಂಪ್ ಜಾಮ್ ಆದಾಗ ರಾಡ್ ಮುರಿದು ಗೇರನ್ನು ಉಳಿಸುತ್ತದೆ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ಗಂಟಿಲ್ಲದ, ನೇರ ಎಳೆಯ ಸಾಗುವಾನಿ ಆರಿಸಿ ತನ್ನಿ.

ರಾಡಿನ ಉದ್ದ ಹೊಂದಿಸುವಾಗ ಕ್ರಾಸ್‌ಹೆಡ್ ಪೂರ್ತಿ ಕೆಳಗಿರಲಿ. ಆಗ ಪಂಪಿನ ಪ್ಲಂಜರ್ (ಸಿಲಿಂಡರಿನೊಳಗೆ ಏರಿ ಇಳಿಯುವ, ವಾಷರ್ ಇರುವ ಭಾಗ) ಕೆಳಗಿನ ವಾಲ್ವ್‌ಗೆ ತಾಗದೆ ನಾಲ್ಕೈದು ಸೆಂಟಿಮೀಟರ್ ಮೇಲೆ ನಿಲ್ಲಬೇಕು. ತಾಗಿದರೆ ಪ್ರತಿ ಸ್ಟ್ರೋಕಿಗೂ ಗೇರಿನ ಮೇಲೆ ಪೆಟ್ಟು.

12. ಏರಿಸಿ ಓಡಿಸುವುದು

ಏರಿಸುವಾಗ ಪೆಟ್ಟಿಗೆ, ಬಾಲ, ಆಮೇಲೆ ಎದುರು ಬದುರು ರೆಕ್ಕೆ. ಪಂಪ್ ಜೋಡಿಸದೆ ಚಕ್ರ ಬಿಡಬೇಡಿ. ಭಾರ ಇಲ್ಲದ ಚಕ್ರ ಹಿಡಿತ ತಪ್ಪಿ ಓಡುತ್ತದೆ. ಮೊದಲ ದಿನ ಸಣ್ಣ ಗಾಳಿಯಲ್ಲಿ ಒಂದು ಗಂಟೆ ಬಿಟ್ಟು, ನಿಲ್ಲಿಸಿ, ಬೇರಿಂಗಿನ ಜಾಗ ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಿದ್ದರೆ ಎಣ್ಣೆ ತಲುಪುತ್ತಿಲ್ಲ.

ಸದ್ದು ಕೇಳಿ. ಚಕ್ರದ ಪ್ರತಿ ಸುತ್ತಿಗೂ ಒಂದು ಟಕ್ ಬಂದರೆ ದೋಷ ಹಬ್, ಮುಖ್ಯ ಶಾಫ್ಟ್ ಅಥವಾ ಪಿನಿಯನ್‌ನಲ್ಲಿದೆ. ಮೂರು ಸುತ್ತಿಗೊಮ್ಮೆ ಬಂದರೆ ದೊಡ್ಡ ಗೇರ್, ಕನೆಕ್ಟಿಂಗ್ ರಾಡ್ ಅಥವಾ ಪಂಪ್. ಆ ಎರಡನೆಯ ಸದ್ದು ರಾಡ್ ಕೆಳಗೆ ತಲುಪಿದಾಗಲೇ ಬರುತ್ತಿದ್ದರೆ ಪ್ಲಂಜರ್ ತಾಗುತ್ತಿದೆ, ರಾಡಿನ ಅಳತೆ ಮತ್ತೆ ಹೊಂದಿಸಿ. ಲಯವಿಲ್ಲದ ಗರಗರ ಸದ್ದು ಬಂದರೆ ತಕ್ಷಣ ನಿಲ್ಲಿಸಿ.

ಒಂದು ತಿಂಗಳಾದ ಮೇಲೆ ಎಣ್ಣೆ ಬಸಿದು ಮ್ಯಾಗ್ನೆಟ್ ಆಡಿಸಿ. ಸಣ್ಣ ಕಬ್ಬಿಣದ ಪುಡಿ ಹೊಸ ಗೇರಿಗೆ ಸಹಜ. ಬೆರಳಿಗೆ ಸಿಗುವ ಚೂರು ಸಹಜ ಅಲ್ಲ. ಅಂಥದ್ದು ಸಿಕ್ಕರೆ ಮಳೆಗಾಲದ ಗಾಳಿ ಶುರುವಾಗುವ ಮೊದಲು ಟೋಪಿ ತೆಗೆದು ಲೆವೆಲ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಸಿಗದಿದ್ದರೆ ರೆಕ್ಕೆ, ತೋಳಿನ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿದು, ಹೊಸ ಎಣ್ಣೆ ತುಂಬಿ ಚಕ್ರ ಬಿಡಿ.